ಅಡಿಕೆ ಸುಲಿಯುವಾಗ ಕೇಳಲು ಯಾವ ಆಡಿಯೋಬುಕ್?

ಕೊಯ್ಲು ಶುರುವಾಯ್ತಲ್ಲ, ರಾತ್ರಿ ಸುಲಿಯುವಾಗ ಕೇಳೋಕೆ ಇತಿಹಾಸದ ಪುಸ್ತಕ ಯಾವುದಿದೆ ಅಂತ ಕೆಲವರು ಕೇಳಿದ್ರಿ. ಮೊದಲು ಓದುವವರ ದನಿ ನೋಡಿ. ಪುಸ್ತಕ ಎಷ್ಟೇ ಹೆಸರುವಾಸಿಯಾಗಿರಲಿ, ದನಿ ಹಿಡಿಸದಿದ್ರೆ ಎರಡನೇ ಅಧ್ಯಾಯಕ್ಕೇ ತೂಕಡಿಕೆ. ಸ್ಯಾಂಪಲ್ ಕೇಳಿಯೇ ದುಡ್ಡು ಕೊಡಿ.

ಇಂಗ್ಲಿಷ್ ರೂಢಿ ಇದ್ದವರಿಗೆ ಹರಾರಿ ಬರೆದ ಮನುಕುಲದ ಇತಿಹಾಸ ‘ಸೇಪಿಯನ್ಸ್’, ಡೆರೆಕ್ ಪರ್ಕಿನ್ಸ್ ಓದಿದ್ದು, ಸಲೀಸಾಗಿ ಸಾಗುತ್ತೆ. ಹರಾರಿಯ ವಾದಗಳನ್ನೆಲ್ಲ ಹಾಗೇ ನುಂಗಬೇಡಿ, ಅಷ್ಟೇ. ಗಿಬ್ಬನ್‌ನ ರೋಮ್ ಇತಿಹಾಸ (1776–88, ಆರು ಸಂಪುಟ!) ಲಿಬ್ರಿವಾಕ್ಸ್ ಅನ್ನೋ ಆಡಿಯೋಬುಕ್ ಜಾಲತಾಣದಲ್ಲಿ ಪುಕ್ಕಟೆ. ಓದಿದವರು ಸ್ವಯಂಸೇವಕರು, ಹಾಗಾಗಿ ಓದು ಏರುಪೇರು. ವಾಕ್ಯಗಳೂ ಮಾರುದ್ದ, ಅಡಿಕೆ ಸುಲಿಯೋ ಮೆಟ್ಟುಗತ್ತಿ ಮುಂದೆ ಕೂತು ಕೇಳುವಂಥದ್ದಲ್ಲ.

ಆತ್ಮಕಥೆ ಆದ್ರೆ ಬರೆದವರೇ ಓದಿದ್ದನ್ನು ಹುಡುಕಿ, ನನಗಂತೂ ಅದೇ ಇಷ್ಟ. ಇಸವಿ, ವಂಶಾವಳಿ, ತೆರಿಗೆ ಲೆಕ್ಕ ತುಂಬಿದ್ದು ಕಿವಿಗೆ ದಕ್ಕಲ್ಲ. ಕೆಳದಿ ಶಿವಪ್ಪನಾಯಕನ ‘ಶಿಸ್ತು’, ಅಂದ್ರೆ ಭೂಕಂದಾಯ ಪದ್ಧತಿಯ ವಿಚಾರ ಕಾಗದದಲ್ಲೇ ಓದಿ.

ಆಗುಂಬೆ, ಹೊಸನಗರ ಕಡೆಯವರು, ಮನೇಲಿ ನೆಟ್‌ವರ್ಕ್ ಸರಿಯಾಗಿ ಸಿಗದಿದ್ರೆ, ಶಿವಮೊಗ್ಗಕ್ಕೆ ಬಂದಾಗಲೇ ಡೌನ್‌ಲೋಡ್ ಮಾಡ್ಕೊಳ್ಳಿ. ಇಯರ್‌ಫೋನ್ ಒಂದೇ ಕಿವಿಗಿರಲಿ, ಪಕ್ಕದವರು ಕರೆದದ್ದು ಕೇಳಬೇಕಲ್ಲ.