ಗಾಂಧಾರ ಕೂಡದೆ ಆಲ್ಬಮ್ ತಡವಾಯ್ತು

ನಮ್ಮ ಬ್ಯಾಂಡಿನ ಮೊದಲ ಆಲ್ಬಮ್ ಯುಗಾದಿಗೆ ಬರಬೇಕಿತ್ತು. ಈಗ ದೀಪಾವಳಿ ಆದ ಮೇಲೆ ಅಂತ ಹೇಳ್ತಿದ್ದೇವೆ. ಧಾರವಾಡದ ಲೈನ್ ಬಜಾರಿನಲ್ಲಿ ಸಿಕ್ಕವರೆಲ್ಲ "ಏನಾತೋ ನಿಮ್ಮ ಆಲ್ಬಮ್ಮು?" ಅಂತ ಕೇಳೋದು, ನಾನು "ಮಿಕ್ಸಿಂಗ್ ನಡದೈತ್ರಿ" ಅನ್ನೋದು. ಸುಳ್ಳು. ಏಳು ಹಾಡುಗಳಲ್ಲಿ ಐದರ ಗಿಟಾರನ್ನು ಪೂರ್ತಿ ಅಳಿಸಿ, ಮತ್ತೆ ಮೊದಲಿಂದ ನುಡಿಸ್ತಾ ಕೂತಿದ್ದೆವು. ಯಾಕೆ ಅಂತ ಬರೀತೀನಿ. ಮನೆಯಲ್ಲೇ ರೆಕಾರ್ಡ್ ಮಾಡುವ ಯಾರಿಗಾದರೂ ಒಂದೆರಡು ತಿಂಗಳು ಉಳಿದರೆ ಉಳೀಲಿ.

ನಾವು ನಾಲ್ಕು ಜನ. ಎರಡು ಗಿಟಾರ್, ಒಂದು ಬೇಸ್, ಡ್ರಮ್ಸ್. ಬೇಸ್ ನುಡಿಸುವವನೇ ಹಾಡುತ್ತಾನೆ. ಅವನು ಸಣ್ಣವನಿದ್ದಾಗ ಹಿಂದೂಸ್ತಾನಿ ಕಲಿತವನು, ಧಾರವಾಡದಲ್ಲಿ ಓಣಿಗೊಬ್ಬರು ಹಾಗೆ ಸಿಗ್ತಾರೆ ಬಿಡಿ. ನಮ್ಮದು ಅಬ್ಬರದ ರಾಕ್ ಅಲ್ಲ. ಗಿಟಾರ್ ಜೋರಾಗೇ ಇರುತ್ತೆ, ಆದರೆ ಕೇಳಿದವರು ಮನೆಗೆ ಹೋಗ್ತಾ ಗಿಟಾರಿನ ಸಾಲನ್ನೇ ಗುನುಗಬೇಕು, ಅದು ನಮ್ಮ ಆಸೆ.

ಸಪ್ತಾಪುರದಲ್ಲಿ ಒಂದು ಹಳೇ ಮನೆಯ ಮಾಳಿಗೆ ಮೇಲೆ ತಗಡಿನ ಖೋಲಿ ನಮ್ಮ ಸ್ಟುಡಿಯೋ. ಗೋಡೆಗೆ ಹಳೇ ಗಾದಿ ಕಟ್ಟಿದ್ದೇವೆ. ಮಳೆಗಾಲದಲ್ಲಿ ತಗಡಿನ ಮೇಲೆ ಮಳೆ ಶುರುವಾದರೆ ಮೈಕ್ ಬಂದ್ ಮಾಡಿ ಗಿರಮಿಟ್ ತಿನ್ನೋದಷ್ಟೇ ಕೆಲಸ. ಡ್ರಮ್ಸ್ ಮಾತ್ರ ಹುಬ್ಬಳ್ಳಿಯ ಒಂದು ಸ್ಟುಡಿಯೋದಲ್ಲಿ ಎರಡು ದಿನದಲ್ಲಿ ಮುಗಿಸಿದೆವು, ಅದರಲ್ಲಿ ಹೇಳೋಕೆ ಏನೂ ಇಲ್ಲ.

ಕಿರಿಕಿರಿ ಶುರುವಾಗಿದ್ದು ಮೂರನೇ ಹಾಡಿನಲ್ಲಿ. ಪಲ್ಲವಿಗೆ ನಾನು ಡಿಸ್ಟಾರ್ಷನ್ (ಗಿಟಾರಿನ ಸದ್ದನ್ನು ಒಡೆದು ಒರಟು ಮಾಡೋದು) ಹಾಕಿ ಎ ಮೇಜರ್ ಕಾರ್ಡ್, ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪು, ಬಾರಿಸಿದ್ದೆ, ಆರೂ ತಂತಿ, ತುಂಬಿಕೊಂಡು. ನುಡಿಸುವಾಗ ಭಾರೀ ಖುಷಿ. ಆಮೇಲೆ ಕೇಳಿದರೆ ಏನೋ ರಾಡಿ. ಹಾಡುವವನೂ "ನನಗ ಸ್ವರ ಹಿಡಿಯಾಕ ಆಗವಲ್ದು, ಯಾರೋ ಕಿವಿ ಹಿಡಿದು ಮ್ಯಾಲಕ್ಕ ಎಳದಂಗ ಆಗ್ತದ" ಅಂದ. ಟ್ಯೂನಿಂಗ್ ನೋಡಿದೆ, ಸರಿ ಇತ್ತು. ತಂತಿ ಬದಲಿಸಿದೆ. 12ನೇ ಫ್ರೆಟ್ಟಿನಲ್ಲಿ (ಗಿಟಾರಿನ ಕತ್ತಿನ ಮೇಲಿನ ಲೋಹದ ಪಟ್ಟಿ) ಹಾರ್ಮೋನಿಕ್ಕನ್ನೂ, ಅಂದರೆ ತಂತಿಯನ್ನು ಒತ್ತದೆ ಬರೀ ತಾಕಿಸಿದಾಗ ಬರುವ ಸ್ವರವನ್ನೂ, ಒತ್ತಿದ ಸ್ವರವನ್ನೂ ಹೋಲಿಸಿ ಬ್ರಿಜ್ಜಿನ ಸ್ಕ್ರೂ ತಿರುಗಿಸಿದೆ. ಖೋಲಿಯಲ್ಲಿ ಅರ್ಥಿಂಗ್ ಸರಿ ಇಲ್ಲ, ಅದರ 50 ಹರ್ಟ್ಜಿನ ಗುಂಯ್ ಶಬ್ದವೇ ಕಾರಣ ಇರಬೇಕು ಅಂತ ಎಲೆಕ್ಟ್ರಿಷಿಯನ್ನನ್ನು ಕರೆಸಿ ದುಡ್ಡೂ ಕಳೆದೆ. ಗುಂಯ್ ಹೋಯ್ತು, ರಾಡಿ ಹಾಗೇ ಇತ್ತು.

ಕೊನೆಗೆ ಹೇಳಿದ್ದು ಕೆಳಗಿನ ಮನೆಯ ಅಜ್ಜಾರು. ಸಿತಾರ್ ರತ್ನ ರಹಿಮತ್ ಖಾನರು ನೆಲೆಸಿದ್ದ ಊರು ಇದು, ಇವರೂ ಒಂದು ಕಾಲಕ್ಕೆ ಸಿತಾರ ಕಲಿತವರು. ಬಾಡಿಗೆ ಕೊಡೋಕೆ ಹೋದಾಗ ಅಂದರು, "ತಮ್ಮಾ, ಗದ್ಲಕ್ಕ ನಂದೇನೂ ತಕರಾರಿಲ್ಲ. ಆದ್ರ ನಿನ್ನ ಗಾಂಧಾರ ಏರೇತಿ." ಗಾಂಧಾರ ಅಂದರೆ ಸರಿಗಮದ "ಗ". ನಾನು ಟ್ಯೂನರ್ ತೋರಿಸಿದೆ, ಹಸಿರು ದೀಪ ಹತ್ತಿತ್ತು. ಅವರು ಅದನ್ನು ನೋಡಲೇ ಇಲ್ಲ. ಫೋನಿನಲ್ಲಿ ತಂಬೂರಿ ಹಚ್ಚು ಅಂದರು, ಮೇಲೆ ಹೋಗಿ ಅದರ ಜೊತೆ ಸಿ ಶಾರ್ಪ್ ಒತ್ತಿದೆ. ಎ ನಮ್ಮ ಷಡ್ಜ (ಸ) ಅಂದರೆ ಸಿ ಶಾರ್ಪೇ ಗಾಂಧಾರ. ಹೌದು, ಏರಿತ್ತು. ಒಮ್ಮೆ ಕೇಳಿಸಿದ ಮೇಲೆ ಅದು ಕೇಳಿಸದೇ ಇರೋದಿಲ್ಲ, ಅದೇ ದೊಡ್ಡ ತಲೆನೋವು.

ವಿಷಯ ಇಷ್ಟು. ಗಿಟಾರಿನ ಫ್ರೆಟ್ಟುಗಳು ಒಂದು ಸಪ್ತಕವನ್ನು 12 ಸಮಪಾಲು ಮಾಡಿ ಕೂಡಿಸಿದವು. ಸ್ವರಗಳ ಅಂತರ ಅಳೆಯೋದು ಸೆಂಟಿನಲ್ಲಿ, ಒಂದು ಫ್ರೆಟ್ಟಿಗೆ 100 ಸೆಂಟ್ ಲೆಕ್ಕ. ಈ ಲೆಕ್ಕದಲ್ಲಿ ಪಂಚಮ ಬರೀ 2 ಸೆಂಟ್ ತಪ್ಪುತ್ತೆ, ಯಾರಿಗೂ ಗೊತ್ತಾಗಲ್ಲ. ಆದರೆ ಶುದ್ಧ ಗಾಂಧಾರ ಸುಮಾರು 14 ಸೆಂಟ್ ಏರಿರುತ್ತೆ. ಷಡ್ಜ 220 ಹರ್ಟ್ಜ್ ಅಂದರೆ ತಂಬೂರಿಗೆ ಒಪ್ಪುವ ಗಾಂಧಾರ 275, ಫ್ರೆಟ್ ಕೊಡೋದು 277ಕ್ಕಿಂತ ಚೂರು ಜಾಸ್ತಿ. ಸಿತಾರದಲ್ಲಾದರೆ ಪರದೆ, ಅಂದರೆ ಅದರ ಫ್ರೆಟ್ಟು, ಸರಿಸಬಹುದು. ಗಿಟಾರಿನಲ್ಲಿ ಜಡಿದು ಕೂಡಿಸಿರ್ತಾರೆ.

ಡಿಸ್ಟಾರ್ಷನ್ ಇಲ್ಲದಾಗ ಇದು ಹೇಗೋ ನಡೆದುಹೋಗುತ್ತೆ. ಡಿಸ್ಟಾರ್ಷನ್ ಹಾಕಿದರೆ ಎರಡು ಸ್ವರ ಸೇರಿ ತಮ್ಮ ವ್ಯತ್ಯಾಸದ ಮೂರನೇ ಸ್ವರ ಒಂದನ್ನು ಹುಟ್ಟಿಸುತ್ತವೆ. 275ರಲ್ಲಿ 220 ಕಳೆದರೆ 55, ಅದು ಷಡ್ಜದ್ದೇ ಕೆಳಗಿನ ಸ್ವರ, ಚಂದ. 277ರಲ್ಲಿ ಕಳೆದರೆ 57, ಅದು ಯಾವ ಊರಿನದೂ ಅಲ್ಲ. ನಮ್ಮ ರಾಡಿ ಅದೇ. ರಾಕ್ ಗಿಟಾರಿಗರು ಬರೀ ಷಡ್ಜ ಪಂಚಮದ ಪವರ್ ಕಾರ್ಡ್ ಯಾಕೆ ಅಷ್ಟು ಬಾರಿಸ್ತಾರೆ ಅಂತ ಹತ್ತು ವರ್ಷ ನುಡಿಸಿದ ಮೇಲೆ ನನಗೆ ಅರ್ಥ ಆಯ್ತು. ನಾನು ಅದನ್ನು ಸೋಮಾರಿತನ ಅಂದುಕೊಂಡಿದ್ದೆ.

ಮೂರನೇ ತಂತಿಯನ್ನು ಚೂರು ಇಳಿಸಿ ನೋಡಿದೆ. ಇ ಮೇಜರ್ ಸಿಹಿಯಾಯ್ತು, ಮುಂದಿನ ಕಾರ್ಡಿಗೆ ಅದೇ ತಂತಿ ಅಪಸ್ವರ. ಬಿಟ್ಟೆ.

ಆಮೇಲೆ ಮಾಡಿದ್ದು ಹೀಗೆ. ಹಿನ್ನೆಲೆಗೆ ಕಾರ್ಡ್ ಬಾರಿಸುವ ರಿದಮ್ ಗಿಟಾರಿನಿಂದ ಗಾಂಧಾರವನ್ನೇ ತೆಗೆದೆವು. ಗಾಂಧಾರ ಹಾಡುವವನದು ಮತ್ತು ಮುಂದೆ ನಿಂತು ರಾಗದ ಸಾಲು ನುಡಿಸುವ ಲೀಡ್ ಗಿಟಾರಿನದು, ಬೇರೆ ಯಾರೂ ಮುಟ್ಟಬಾರದು. ಗೇನ್, ಅಂದರೆ ಡಿಸ್ಟಾರ್ಷನ್ನಿನ ಪ್ರಮಾಣ, ಅರ್ಧಕ್ಕೆ ಇಳಿಸಿ, ಒಂದೇ ಸಾಲನ್ನು ಎರಡು ಸಲ ನುಡಿಸಿ ಎಡಕ್ಕೊಂದು ಬಲಕ್ಕೊಂದು ಹಾಕಿದೆವು. ಎರಡು ಸಲ ನುಡಿಸಲೇಬೇಕು. ಒಂದನ್ನೇ ಕಾಪಿ ಮಾಡಿ ಆಚೆ ಈಚೆ ಹಾಕಿದರೆ ಸದ್ದು ಏರುತ್ತೆ, ಅಗಲ ಆಗಲ್ಲ. ಎರಡು ಗಿಟಾರ್ ಜೋಡಿಯಾಗಿ ಹೋಗುವ ಕಡೆ, ಅಂದರೆ ಇನ್ನೊಬ್ಬ ಗಿಟಾರಿಗ ಷಡ್ಜದಲ್ಲಿದ್ದಾಗ ನಾನು ಗಾಂಧಾರದಲ್ಲಿರುವ ಕಡೆ, ಇಬ್ಬರದೂ ಬೇರೆ ಟ್ರ್ಯಾಕು, ಬೇರೆ ಡಿಸ್ಟಾರ್ಷನ್. ಒಂದೇ ಡಿಸ್ಟಾರ್ಷನ್ನಿನೊಳಗೆ ಕೂಡಿದರೆ ತಾನೇ ಆ 57 ಹುಟ್ಟೋದು.

ಲೀಡ್ ನನ್ನ ಪಾಲಿಗೆ ಬಂತು. ತಂತಿ ಎಳೆದರೆ ಸ್ವರ ಏರುತ್ತೆ, ಇಳಿಸೋಕೆ ಬರಲ್ಲ. ಹಾಗಾಗಿ ಗಾಂಧಾರದ ಫ್ರೆಟ್ಟನ್ನು ಒತ್ತೋದೇ ಬಿಟ್ಟೆ. ಎರಡನೇ ತಂತಿಯ 12ನೇ ಫ್ರೆಟ್ಟಿನಲ್ಲಿ ರಿಷಭ ಇದೆ. ಅಲ್ಲಿ ಉಂಗುರ ಬೆರಳಿಟ್ಟು, ಹಿಂದೆ ಎರಡು ಬೆರಳು ಆಸರೆ ಕೊಟ್ಟು, ಮಣಿಕಟ್ಟು ತಿರುಗಿಸಿ ಎಳೆದು, ಟ್ಯೂನರ್ ಹೇಳುವ ಜಾಗಕ್ಕೆ ಕೂದಲೆಳೆ ಮುಂಚೆ ನಿಲ್ಲಿಸೋದು. ಅಜ್ಜಾರ ಭಾಷೆಯಲ್ಲಿ ಮೀಂಡು. ತಂಬೂರಿ ಹಚ್ಚಿಕೊಂಡು ದಿನಾ ಅರ್ಧ ಗಂಟೆ ಇದೊಂದೇ. ಮೊದಲ ಎರಡು ವಾರ ಆ ಜಾಗ ದಾಟಿ ಹೋಗ್ತಿದ್ದೆ, ಕಣ್ಣು ಟ್ಯೂನರ್ ಮೇಲೆ ಇರ್ತಿತ್ತು. ಅದನ್ನು ಬಿಚ್ಚಿ ಬ್ಯಾಗಿಗೆ ಹಾಕಿದ ಮೇಲೆ ಕೈ ಕೂತಿತು. ತಂತಿಯ ಸೆಟ್ಟನ್ನೂ 10ರಿಂದ ತೆಳುವಾದ 9ಕ್ಕೆ ಇಳಿಸಿದೆ, ಬೆರಳು ಉಳಿಯಿತು.

ಸೋಲೋಗಳಲ್ಲಿ ಮೊದಲಿದ್ದ ವೇಗ ಹೋಯ್ತು. ಎಳೆದು ನಿಲ್ಲಿಸೋಕೆ ಹೊತ್ತು ಬೇಕಲ್ವಾ, ಸ್ವರಗಳೇ ಕಡಿಮೆಯಾದವು. ಡ್ರಮ್ಮರಿಗೆ ಇದು ಇವತ್ತಿಗೂ ಪಸಂದಿಲ್ಲ, "ಏನ್ಲೇ, ಭಜನೀಗೆ ಕುಂತೇವೇನು" ಅಂತಾನೆ. ಐದನೇ ಹಾಡನ್ನು ಅವನ ಸಲುವಾಗಿ ಹಳೇ ವೇಗದಲ್ಲೇ ಬಿಟ್ಟಿದ್ದೇವೆ, ಅದರಲ್ಲಿ ಏರಿದ ಗಾಂಧಾರವೂ ಹಾಗೇ ಇದೆ. ನಿಜ ಹೇಳಬೇಕಂದ್ರೆ ಅಲ್ಲಿ ಆ ರಾಡಿ ಒಪ್ಪುತ್ತೆ.

ಈಗ ಇನ್ನೂ ಎರಡು ಹಾಡಿನ ಮಿಕ್ಸ್ ಬಾಕಿ, ಈ ಸಲ ಸುಳ್ಳಲ್ಲ. ಮೂರನೇ ಹಾಡಿನ ಮಿಕ್ಸನ್ನು ಪೆನ್‌ಡ್ರೈವಿಗೆ ಹಾಕಿ ಅಜ್ಜಾರಿಗೆ ಕೊಟ್ಟಿದ್ದೆ. ಎರಡು ದಿನ ಬಿಟ್ಟು ವಾಪಸ್ ಕೊಟ್ಟರು, ಗಾಂಧಾರದ ಸುದ್ದಿ ಎತ್ತಲಿಲ್ಲ. ನಿಷಾದ ಒಂಚೂರು ನೋಡ್ಕೋ ಅಂದರು.