ಸೌದೆಗೆ ಯಾವ ಚೈನ್‌ಸಾ? ತೋಟದಲ್ಲಿ ಬಳಸಿ ಕಂಡದ್ದು

ಕೆಂಪಡಿಕೆ ಮಾಡುವ ಮನೆಗಳಲ್ಲಿ ಅಡಿಕೆ ಬೇಯಿಸುವ ಒಲೆಗೆ ಸೌದೆ ಎಷ್ಟಿದ್ದರೂ ಸಾಲದು. ಅಕೇಶಿಯಾ, ಸಿಲ್ವರ್ ಓಕ್, ಗಾಳಿಗೆ ಬಿದ್ದ ಹಲಸು, ಒಣಗಿದ ಅಡಿಕೆ ಮರ ಇವನ್ನೆಲ್ಲ ಕೊಯ್ಯಲು ನಾನು ಮೂರು ಬಗೆಯ ಮಿಷನ್ ಬಳಸುತ್ತೇನೆ: ಸ್ಟಿಲ್ ಎಂಎಸ್ 180, ಹಸ್ಕ್‌ವರ್ನಾ 236, ಮತ್ತು ಪೇಟೆಯಲ್ಲಿ ಹತ್ತಾರು ಹೆಸರಿನ ಸ್ಟಿಕ್ಕರ್ ಹಚ್ಚಿ 58 ಸಿಸಿ ಎಂದು ಮಾರುವ ಚೀನಾ ಮಿಷನ್. ಯಾವುದು ತೆಗೆದುಕೊಳ್ಳಲಿ ಎಂದು ಕೇಳುವವರಿಗೆ ನಾನು ಹೇಳುವುದಿಷ್ಟು: ಮೊದಲು ತೂಕ ನೋಡಿ, ಆಮೇಲೆ ಬಿಡಿಭಾಗ ಎಲ್ಲಿ ಸಿಗುತ್ತದೆ ನೋಡಿ, ಸಿಸಿ ಕೊನೆಗೆ.

ಎಂಎಸ್ 180 ಅಂದರೆ 31.8 ಸಿಸಿ; ಬಾರ್ (ಚೈನ್ ಸುತ್ತ ಓಡುವ ಉದ್ದನೆಯ ಅಲಗು), ಚೈನ್ ಬಿಟ್ಟು 3.9 ಕಿಲೊ. ಹಸ್ಕ್‌ವರ್ನಾ 236 ಅಂದರೆ 38.2 ಸಿಸಿ, 4.7 ಕಿಲೊ. ಶಕ್ತಿ ಎರಡರದೂ ಸುಮಾರು 1.4 ಕಿಲೋವ್ಯಾಟ್. ಸೌದೆ ತುಂಡು ಮಾಡುವಾಗ ಮಿಷನ್ನನ್ನು ಎತ್ತಿ ಇಳಿಸುತ್ತಲೇ ಇರಬೇಕು, ಮಧ್ಯಾಹ್ನದ ಹೊತ್ತಿಗೆ ಆ ಮುಕ್ಕಾಲು ಕಿಲೊ ರಟ್ಟೆಗೆ ಗೊತ್ತಾಗುತ್ತದೆ. ರಟ್ಟೆ ಸೋತಾಗಲೇ ಬಾರಿನ ತುದಿ ಎಲ್ಲೋ ತಾಗಿ ಮಿಷನ್ ಮುಖದ ಕಡೆ ಒದೆಯುವುದು. ಒಂದಡಿ ದಪ್ಪದವರೆಗಿನ ಮರಕ್ಕೆ 14 ಇಂಚಿನ ಬಾರ್ ಧಾರಾಳ. ದಪ್ಪ ದಿಮ್ಮಿಯೇ ಹೆಚ್ಚಿದ್ದರೆ ಸ್ಟಿಲ್ ಎಂಎಸ್ 250 ಲೇಸು: 45.4 ಸಿಸಿ, 2.3 ಕಿಲೋವ್ಯಾಟ್, ತೂಕ ಮಾತ್ರ 4.6 ಕಿಲೊ.

ಚೀನಾ ಮಿಷನ್ನಿನ ತೊಂದರೆ ಎಂಜಿನ್‌ಗಿಂತ ಹೆಚ್ಚಾಗಿ ಬಾರ್‌ನದು. ಅಂಗಡಿಯವರು 22 ಇಂಚಿನ ಬಾರ್ ಹಾಕಿ ಕೊಡುತ್ತಾರೆ. ಅದರ ಚೈನಿಗೆ 86 ಲಿಂಕ್ (ಬಾರಿನ ಸೀಳಿನೊಳಗೆ ಓಡುವ ಕೊಂಡಿ), ಅಂದರೆ ಎರಡಕ್ಕೊಂದರಂತೆ 43 ಹಲ್ಲು. ಅಷ್ಟುದ್ದದ ಚೈನನ್ನು ಗಟ್ಟಿಮರದಲ್ಲಿ ಎಳೆಯಲು ಎಂಜಿನ್ ತಿಣುಕುತ್ತದೆ, ಆಯಿಲ್ ತುದಿಯವರೆಗೆ ಮುಟ್ಟುವುದಿಲ್ಲ, ಅರ ಹಾಕಲು ಸಮಯವೂ ಹೆಚ್ಚು. ನಾನು ಅದಕ್ಕೆ 18 ಇಂಚಿನ ಬಾರ್, 72 ಲಿಂಕ್‌ನ ಚೈನ್ ಹಾಕಿದ್ದೇನೆ. ಈಗ ಅದೇ ಮಿಷನ್ ಹಲಸಿನ ಬುಡವನ್ನೂ ನಿಲ್ಲದೆ ಕೊಯ್ಯುತ್ತದೆ. ಬಿಡಿಭಾಗ ಯಾವ ಪೇಟೆಯಲ್ಲಾದರೂ ಸಿಗುತ್ತದೆ. ಆದರೆ ಕೊಂಡ ದಿನವೇ ಎಲ್ಲ ಬೋಲ್ಟ್ ಬಿಗಿ ಮಾಡಬೇಕು, ಮುಖ್ಯವಾಗಿ ಸೈಲೆನ್ಸರ್‌ನವು.

ಹಸ್ಕ್‌ವರ್ನಾ ಕೊಳ್ಳುವವರಿಗೆ ಒಂದು ಸೂಚನೆ. ಅದರ ಚೈನ್ ಬ್ರೇಕಿನ ಪಟ್ಟಿ ಪಕ್ಕದ ಕವರಿನೊಳಗೇ ಇದೆ. ಬ್ರೇಕ್ ಬಿದ್ದಿರುವಾಗ ಕವರ್ ಬಿಚ್ಚಿದರೆ ಪಟ್ಟಿ ಬಿಗಿದುಕೊಂಡು, ಕವರ್ ಮತ್ತೆ ಕ್ಲಚ್ ಡ್ರಮ್ಮಿನ ಮೇಲೆ ಕೂರುವುದಿಲ್ಲ. ಮುಂದಿನ ಗಾರ್ಡನ್ನು ಹಿಡಿಯ ಕಡೆ ಎಳೆದು ಬ್ರೇಕ್ ಬಿಡಿಸಿಯೇ ನಟ್ ಬಿಚ್ಚಬೇಕು. ಚೈನ್ ಕೊಳ್ಳುವಾಗಲೂ ಇಂಚು ಹೇಳಿದರೆ ಸಾಲದು: 16 ಇಂಚಿಗೆ ಸ್ಟಿಲ್‌ನಲ್ಲಿ 55 ಲಿಂಕ್, ಹಸ್ಕ್‌ವರ್ನಾದಲ್ಲಿ 56. ಹಳೆ ಚೈನ್ ಹಿಡಿದುಕೊಂಡೇ ಅಂಗಡಿಗೆ ಹೋಗಿ.

ಪೆಟ್ರೋಲಿಗೆ ಒಳ್ಳೆಯ ಟೂ-ಸ್ಟ್ರೋಕ್ ಆಯಿಲ್ ಆದರೆ ಲೀಟರಿಗೆ 20 ಮಿಲಿ, ಚೀನಾ ಮಿಷನ್ನಿಗೆ 40 ಮಿಲಿ. ಅಂದಾಜಿನಲ್ಲಿ ಸುರಿಯಬೇಡಿ, ಔಷಧಿ ಅಳೆಯುವ ಸಿರಿಂಜ್ ಇಟ್ಟುಕೊಳ್ಳಿ. ಆಯಿಲ್ ಕಮ್ಮಿಯಾದರೆ ಪಿಸ್ಟನ್ ಸೈಲೆನ್ಸರ್ ಕಡೆಯಿಂದ ಗೀರು ಬಿದ್ದು ಹಿಡಿದುಕೊಳ್ಳುತ್ತದೆ. ಹೆಚ್ಚಾದರೆ ಸೈಲೆನ್ಸರಿನ ಜಾಲರಿಗೆ ಮಸಿ ಕಟ್ಟಿ, ಮಿಷನ್ ಸ್ಟಾರ್ಟ್ ಆಗುತ್ತದೆ, ಎಳೆಯುವುದಿಲ್ಲ. ಈಗಿನ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥೆನಾಲ್ ಇರುವುದರಿಂದ ಮಲೆನಾಡಿನ ತೇವಕ್ಕೆ ಅದು ನೀರು ಎಳೆದುಕೊಳ್ಳುತ್ತದೆ. ಒಂದು ವಾರಕ್ಕೆ ಬೇಕಾದಷ್ಟೇ ಕಲಸುತ್ತೇನೆ. ಬಾರ್‌ಗೆ ಹಳೆ ಎಂಜಿನ್ ಆಯಿಲ್ ಹಾಕುವ ಅಭ್ಯಾಸ ಬಿಡಬೇಕು. ಅದರಲ್ಲಿರುವ ಲೋಹದ ಹುಡಿ ಪಂಪನ್ನೂ ಬಾರನ್ನೂ ತಿನ್ನುತ್ತದೆ. ಬಾರಿನ ತುದಿಯನ್ನು ಹಾಳೆಯ ಹತ್ತಿರ ಹಿಡಿದು ಆಕ್ಸಿಲರೇಟರ್ ಕೊಟ್ಟಾಗ ಆಯಿಲಿನ ಗೆರೆ ಬೀಳಬೇಕು.

ಯಾವ ಬ್ರಾಂಡೂ ಮೊಂಡು ಚೈನಿನ ಮುಂದೆ ಒಂದೇ. ಹರಿತವಾಗಿದ್ದರೆ ಅವಲಕ್ಕಿಯಂಥ ಚಕ್ಕೆ ಉದುರುತ್ತದೆ. ಹಿಟ್ಟಿನಂತೆ ಹುಡಿ ಬರತೊಡಗಿದ ಕೂಡಲೇ ನಿಲ್ಲಿಸಿ. ಒತ್ತಿ ಕೊಯ್ದರೆ ಬಾರ್, ಕ್ಲಚ್ ಎರಡೂ ಸುಡುತ್ತವೆ. ಎಂಎಸ್ 180, 236ರ ಚೈನಿಗೆ 4 ಮಿಲಿಮೀಟರಿನ ದುಂಡು ಅರ, ಎಂಎಸ್ 250 ಮತ್ತು 58 ಸಿಸಿಯದಕ್ಕೆ 4.8. ಹಲ್ಲಿನ ಮೇಲಿನ ಗೆರೆ ನೋಡಿ 30 ಡಿಗ್ರಿ ಕೋನದಲ್ಲಿ, ಒಳಗಿನಿಂದ ಹೊರಕ್ಕೆ, ಒಂದೇ ದಿಕ್ಕಿಗೆ. ಟ್ಯಾಂಕ್ ತುಂಬಿಸಿದಾಗಲೆಲ್ಲ ಹಲ್ಲಿಗೆ ಎರಡು ಮೂರು ಎಳೆತ ಸಾಕು. ಐದಾರು ಸಲ ಅರ ಹಾಕಿದ ಮೇಲೆ ಹಲ್ಲಿನ ಮುಂದಿರುವ ಗುಬುಟನ್ನು ಚಪ್ಪಟೆ ಅರದಿಂದ ತಗ್ಗಿಸಬೇಕು, ಹಲ್ಲಿಗಿಂತ 0.65 ಮಿಮೀ ಕೆಳಗಿರುವಂತೆ. ಇದನ್ನು ಮರೆತರೆ ಹಲ್ಲು ಎಷ್ಟು ಹರಿತವಿದ್ದರೂ ಮರ ಕಚ್ಚದು; ತೀರಾ ತಗ್ಗಿಸಿದರೆ ಎಳೆದೆಳೆದು ಒದೆಯುತ್ತದೆ. ಕೊಯ್ತ ಒಂದೇ ಪಕ್ಕಕ್ಕೆ ತಿರುಗುತ್ತಿದ್ದರೆ ಒಂದು ಬದಿಯ ಹಲ್ಲು ಗಿಡ್ಡವಾಗಿದೆ, ಇಲ್ಲವೇ ಬಾರ್ ಒಂದೇ ಕಡೆ ಸವೆದಿದೆ. ಅರ ಹಾಕುವಾಗಲೆಲ್ಲ ಬಾರ್ ಮಗುಚಿ ಹಾಕಿ. ಅಡಿಕೆ, ತೆಂಗಿನ ಮರಕ್ಕೆ ಬೇರೆಯೇ ಹಳೆ ಚೈನ್ ಇಟ್ಟುಕೊಂಡಿದ್ದೇನೆ. ಆ ನಾರು ಹಲ್ಲನ್ನು ಬೇಗ ಮೊಂಡು ಮಾಡುತ್ತದೆ, ಕವರಿನೊಳಗೆ ತುಂಬಿ ಸ್ಪ್ರಾಕೆಟ್ಟಿಗೆ ಸುತ್ತಿಕೊಳ್ಳುತ್ತದೆ.

ನಿಂತ ಮರಗಳಲ್ಲಿ ನನಗೆ ಭಯವಿರುವುದು ಬಾಗಿದ ಅಕೇಶಿಯಾದ್ದು. ಮಾಮೂಲಿನಂತೆ ಹಿಂದಿನಿಂದ ಕೊಯ್ದರೆ ಅರ್ಧದಲ್ಲೇ ಕಾಂಡ ಮೇಲಕ್ಕೆ ಸೀಳಿ ಬುಡ ಒದೆಯುತ್ತದೆ. ಒಂದಡಿ ದಪ್ಪದ್ದಾದರೆ ಬೀಳುವ ಕಡೆ 6ರಿಂದ 7 ಸೆಂಟಿಮೀಟರ್ ಆಳದ ಬಾಯಿ ತೆಗೆಯುತ್ತೇನೆ. ಆಮೇಲೆ ಬಾರಿನ ತುದಿಯ ಕೆಳಭಾಗದಿಂದ ಶುರುಮಾಡಿ ಪಕ್ಕದಿಂದ ಒಳಕ್ಕೆ ಚುಚ್ಚಿ, ಮುಂದೆ ಬಾಯಿಯ ಹಿಂಬದಿಗೆ 3 ಸೆಂಟಿಮೀಟರ್ ಕೊಯ್ಯದೆ ಕೀಲಿನಂತೆ ಉಳಿಸಿ, ಹಿಂದೆಯೂ ಒಂದಿಷ್ಟು ಕೊಯ್ಯದ ಪಟ್ಟಿ ಬಿಟ್ಟು, ನಡುವಿನದನ್ನು ಕೊಯ್ಯುತ್ತೇನೆ. ಕೊನೆಗೆ ಹಿಂದಿನ ಪಟ್ಟಿಯನ್ನು ಕತ್ತರಿಸಿ ಓರೆಯಾಗಿ ಹಿಂದೆ ಸರಿಯುವುದು. ತುದಿಯ ಮೇಲ್ಭಾಗದಿಂದ ಚುಚ್ಚಿದರೆ ಒದೆತ ಖಂಡಿತ. ಮಿಷನ್ ಹಿಡಿಯುವ ಮುಂಚೆ ಪಕ್ಕದ ಮರಕ್ಕೆ ಹಬ್ಬಿದ ಬಳ್ಳಿಗಳನ್ನು ಕತ್ತಿಯಿಂದ ಬಿಡಿಸಿರಬೇಕು. ಮತ್ತಿ, ನಂದಿಯಂಥ ಕಾಡುಮರ ಸ್ವಂತ ಜಮೀನಿನಲ್ಲಿದ್ದರೂ ಮುಟ್ಟುವ ಮೊದಲು 1976ರ ವೃಕ್ಷ ಸಂರಕ್ಷಣಾ ಕಾಯ್ದೆಯ ಅನುಮತಿ ಪಡೆಯಿರಿ.

ಮಳೆಗಾಲಕ್ಕೆ ಎತ್ತಿಡುವಾಗ ಟ್ಯಾಂಕ್ ಖಾಲಿ ಮಾಡಿ, ತಾನಾಗಿ ಆರುವವರೆಗೆ ಓಡಿಸುತ್ತೇನೆ. ಇಲ್ಲದಿದ್ದರೆ ಕಾರ್ಬೊರೇಟರಿನ ಡಯಾಫ್ರಮ್ ಗಡುಸಾಗಿ, ಅಡಿಕೆ ಕೊಯ್ಲಿನ ಹೊತ್ತಿಗೆ ಹಗ್ಗ ಎಷ್ಟೆಳೆದರೂ ಮಿಷನ್ ಸ್ಟಾರ್ಟ್ ಆಗದು. ಒಂದು ಡಯಾಫ್ರಮ್ ಕಿಟ್, ಒಂದು ಪ್ಲಗ್, ಎರಡು ಅರ ಮನೆಯಲ್ಲೇ ಇರಲಿ.