ಹೊಳವಿಗೆ ಕಾದು ಆಗುಂಬೆ ನೋಡಿದ್ದು

ಪುನರ್ವಸು ಮಳೆಯಲ್ಲಿ ಆಗುಂಬೆಗೆ ಜನರನ್ನು ಕರೆದೊಯ್ಯುತ್ತೇನೆ ಎಂದಾಗ ನಮ್ಮ ಚಾರಣದ ಬಳಗದಲ್ಲಿ ಒಬ್ಬರೂ ಒಪ್ಪಲಿಲ್ಲ. “ಮಂಜು ಬಿಟ್ಟರೆ ಅಲ್ಲಿ ಏನು ಕಾಣುತ್ತದೆ? ಡಿಸೆಂಬರಿನಲ್ಲಿ ಹೋಗಿ” ಎಂದರು. ಕಳೆದ ಜುಲೈನಲ್ಲಿ 6 ಜನ ನಾಲ್ಕು ರಾತ್ರಿ ಉಳಿದರು. ಯಾರೂ ಅರ್ಧಕ್ಕೆ ಹೊರಡಲಿಲ್ಲ, ಐವರು ಮುಂದಿನ ವರ್ಷಕ್ಕೆ ಈಗಲೇ ಹೆಸರು ಕೊಟ್ಟಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ಸಲ 11 ಜನ, ಬೆಂಗಳೂರಿನಿಂದಲೇ ಬಾಡಿಗೆ ಟೆಂಪೊ ಟ್ರಾವೆಲರ್. ಎರಡು ದಿನದಲ್ಲಿ ಕುಂದಾದ್ರಿ ಬೆಟ್ಟ, ಜೋಗಿಗುಂಡಿ ಜಲಪಾತ, ಸೂರ್ಯಾಸ್ತದ ಕಟ್ಟೆ, ಶೃಂಗೇರಿ ಎಲ್ಲವನ್ನೂ ಮುಗಿಸುವ ಲೆಕ್ಕ. ಕುಂದಾದ್ರಿಯಲ್ಲಿ ಕೈಗೆ ಗೋಡೆ ತಗಲುವವರೆಗೆ ಬಸದಿ ಕಾಣಲಿಲ್ಲ. ಅಬ್ಬಿಗಳ (ಜಲಪಾತಗಳ) ದಾರಿಗೆ ಅನುಮತಿ ಸಿಗಲಿಲ್ಲ. ಮೂವರು ಮರುದಿನವೇ ಬಸ್ ಹತ್ತಿದರು. ಅವರ ಹಣ ಹಿಂದಿರುಗಿಸಿದೆ, ಗಾಡಿಯ ಬಾಡಿಗೆಯೂ ಸೇರಿ ನನ್ನ ಕೈಯಿಂದ ಹೋದದ್ದು 14 ಸಾವಿರದ ಆಸುಪಾಸು. ಎರಡನೆಯ ವರ್ಷ ಒಳ್ಳೆಯ ರೇನ್‌ಕೋಟುಗಳಿಗೆ 8 ಸಾವಿರ ಸುರಿದೆ. ವರ್ಷಕ್ಕೆ 7,000 ಮಿ.ಮೀ. ಮೀರಿ ಸುರಿಯುವ ಊರಿನಲ್ಲಿ ಅವು ತಡೆದದ್ದು ಒಂದು ಗಂಟೆ. ಆಮೇಲೆ ಹೊರಗೆ ಮಳೆ, ಒಳಗೆ ಬೆವರು.

ಕಣ್ಣು ತೆರೆಸಿದವರು ತೀರ್ಥಹಳ್ಳಿ ರಸ್ತೆಯ ಒಬ್ಬ ಅಡಿಕೆ ಬೆಳೆಗಾರರು. ಮೂರನೆಯ ವರ್ಷ ಅವರ ಮನೆಯಲ್ಲಿ ಸಿಕ್ಕಿಹಾಕಿಕೊಂಡೆವು. ಅಡಿಕೆಯ ಕೊಳೆರೋಗಕ್ಕೆ ಎರಡನೆಯ ಸಲದ ಬೋರ್ಡೋ (ಸುಣ್ಣ ಮತ್ತು ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್, ಬೆರೆಸಿದ ದ್ರಾವಣ) ಹೊಡೆಯುವುದಿತ್ತು. ಮೂರು ದಿನ ಅವರು ಜಗಲಿಯಲ್ಲಿ ಕುಳಿತು ಹೊಳವಿಗೆ, ಅಂದರೆ ಮಳೆ ಬಿಡುವು ಕೊಡುವ ಹೊತ್ತಿಗೆ, ಕಾದು ಆಕಾಶ ನೋಡಿದರು. “ಹೊಳವಾಗಲಿ ಮಾರಾಯರೇ, ಮಳೆಯಲ್ಲಿ ಹೊಡೆದರೆ ಮೈಲುತುತ್ತ ಹಳ್ಳಕ್ಕೆ ಹೋಗುತ್ತದೆ.” ನಾಲ್ಕನೆಯ ದಿನ ಬೆಳಿಗ್ಗೆ ಹೊಳವಾಯಿತು, ಮನೆಯವರೆಲ್ಲ ಎದ್ದು ಓಡಿದರು. ಸುಣ್ಣದ ನೀರಿಗೆ ಮೈಲುತುತ್ತದ ನೀರು ಸುರಿದು ಕದಡಿ, ಉಜ್ಜಿದ ಕತ್ತಿಯ ಅಲಗನ್ನು ಅದರಲ್ಲಿ ಅದ್ದಿ ಹಿಡಿದರು. ಅಲಗಿನ ಮೇಲೆ ತಾಮ್ರದ ಕೆಂಪು ಕೂತಿತು. “ಸುಣ್ಣ ಸಾಲದು” ಎಂದು ಇನ್ನೊಂದು ಬೊಗಸೆ ಹಾಕಿಸಿದರು. ಮತ್ತೆ ಅದ್ದಿದಾಗ ಅಲಗು ಬೆಳ್ಳಗೇ ಬಂತು. ಎರಡು ದಿನ ಗೊಣಗುತ್ತಿದ್ದ ನನ್ನ ಜೊತೆಯವರು ಉಸಿರು ಬಿಗಿಹಿಡಿದು ಅದನ್ನೇ ನೋಡುತ್ತಿದ್ದರು.

ಅಂದಿನಿಂದ ನನ್ನ ಕ್ರಮ ಅದೇ. ಒಂದೇ ತೋಟದ ಮನೆ, ಗಡಿಯಾರದ ಕಾರ್ಯಕ್ರಮವಿಲ್ಲ. ಮಳೆ ಹೊಯ್ಯುವಾಗ ಜಗಲಿ, ಹಲಸಿನ ಹಪ್ಪಳ, ಬಚ್ಚಲಿನ ಒಲೆ. ಹೊಳವಾದರೆ ಐದು ನಿಮಿಷದಲ್ಲಿ ಅಂಗಳ ದಾಟಿರಬೇಕು. ಕಳೆದ ಜುಲೈನ ನಾಲ್ಕು ದಿನದಲ್ಲಿ ಒಟ್ಟು ಏಳೆಂಟು ಗಂಟೆ ಹೊಳವು ಸಿಕ್ಕಿತು. ಅಷ್ಟು ಧಾರಾಳ ಸಾಕು. ಕಾಡು ಹುಡುಕಿಕೊಂಡು ದೂರ ಹೋಗುವುದಿಲ್ಲ, ತೋಟದ ಹಿಂದಿನ ಸೊಪ್ಪಿನ ಬೆಟ್ಟಕ್ಕೆ ಯಜಮಾನರ ಜೊತೆಗೇ ಹತ್ತುತ್ತೇವೆ. ಈ ಸೊಪ್ಪು ಕೊಟ್ಟಿಗೆಗೆ, ಕೊಟ್ಟಿಗೆಯ ಗೊಬ್ಬರ ಅಡಿಕೆ ಬುಡಕ್ಕೆ. ಬೆಟ್ಟದ ಅಂಚಿನಲ್ಲಿ ನಿಂತರೆ ಈ ಕಡೆ ಸೊಪ್ಪು ಸವರಿಸಿಕೊಂಡ ಮೋಟು ಮರಗಳು, ಆ ಕಡೆ ಕೊಡಲಿ ಕಾಣದ ಮಳೆಕಾಡು. ಈ ಗಡಿ ತೋರಿಸದೆ ಮಲೆನಾಡು ತೋರಿಸಿದೆ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಕಾಳಿಂಗ ಸರ್ಪ ತೋರಿಸುತ್ತೇನೆಂದು ಮಾತ್ರ ಯಾರಿಗೂ ಮಾತು ಕೊಡಬೇಡಿ. ಅದರ ಬದಲು ತೋಟದ ಕೆರೆಯ ಮೇಲೆ ಬಾಗಿದ ಕೊಂಬೆಗಳನ್ನು ನೋಡಿಸಿ. ಹಸಿರು ಹಾರುವ ಕಪ್ಪೆ ಎಲೆಗಳನ್ನು ಸೇರಿಸಿ ಮುಷ್ಟಿಗಾತ್ರದ ನೊರೆಗೂಡು ಕಟ್ಟಿರುತ್ತದೆ. ನೊರೆ ಕರಗಿ ಗೊದಮೊಟ್ಟೆಗಳು ಒಂದೊಂದಾಗಿ ನೀರಿಗೆ ಉದುರುವುದನ್ನು ನಾವು ಕೊಡೆ ಹಿಡಿದು ಮುಕ್ಕಾಲು ಗಂಟೆ ನೋಡಿದೆವು.

ಇಂಬಳಕ್ಕೆ, ಅಂದರೆ ಕಾಡಿನ ಜಿಗಣೆಗೆ, ನಾಲ್ಕೈದು ಬಗೆ ಪರೀಕ್ಷಿಸಿದೆ. ಉಪ್ಪು ಮಳೆಗೆ ಕರಗಿತು, ಎಣ್ಣೆ ತೊಳೆದುಹೋಯಿತು. ಸುಣ್ಣ ಬೆರೆಸಿದ ತಂಬಾಕಿನ ಪುಡಿಯನ್ನು ಬಟ್ಟೆಯಲ್ಲಿ ಕಟ್ಟಿ ಕೋಲಿನ ತುದಿಗೆ ಬಿಗಿದು ಮುಟ್ಟಿಸಿದರೆ ಬಿಡುತ್ತದೆ. ಅದಕ್ಕೆ ಸೇರಿಸುವ ಮೂರನೆಯ ಪದಾರ್ಥವನ್ನು ಇಲ್ಲಿ ಹೇಳುವುದಿಲ್ಲ. ರಾತ್ರಿ ಬ್ಯಾಟರಿ ಆರಿಸಿ ಅರ್ಧ ಗಂಟೆ ಕತ್ತಲಲ್ಲಿ ಕುಳಿತರೆ ಕೊಳೆತ ಕೊರಡಿನ ಅಣಬೆ ತಿಳಿಹಸಿರಾಗಿ ಬೆಳಗುತ್ತದೆ. ಎರಡು ವರ್ಷ ತಪ್ಪು ಕೊರಡುಗಳ ಮುಂದೆ ಕುಳಿತಿದ್ದೆ. ಸರಿಯಾದ ಕೊರಡು ಎಲ್ಲಿದೆ ಎಂಬುದೂ ನನ್ನಲ್ಲೇ ಇರಲಿ, ಜನ ಹೆಚ್ಚಾದರೆ ಅದು ಉಳಿಯುವುದಿಲ್ಲ.

ಖರ್ಚು: ತಲೆಗೆ 6,500 ರೂಪಾಯಿ ಪಡೆದೆ. ಅದರಲ್ಲಿ ಸುಮಾರು 4,400 ಊಟ, ವಸತಿಗೆಂದು ಮನೆಯವರಿಗೆ, ತೀರ್ಥಹಳ್ಳಿಯವರೆಗೆ ರಾತ್ರಿ ಬಸ್ಸು, ಅಲ್ಲಿಂದ ಊರಿನ ಬಸ್ಸು ಎಂದು 1,500 ಚಿಲ್ಲರೆ. ಮೂರು ಸಾವಿರದಷ್ಟು ಉಳಿಯಿತು, ಮೊದಲ ಬಾರಿಗೆ. ಆ ಹಣದಲ್ಲಿ ರೇನ್‌ಕೋಟಿನ ಬದಲಿಗೆ, ಗದ್ದೆ ನೆಟ್ಟಿಯ ಹೆಂಗಸರು ತಲೆ, ಬೆನ್ನಿಗೆ ಹೊದೆಯುವಂಥ ಗೊರಬು (ಹೆಣೆದ ಮಳೆಹೊದಿಕೆ) ಆರು ಹೆಣೆದುಕೊಡಲು ಪಕ್ಕದ ಹಳ್ಳಿಯ ಅಜ್ಜಿಯೊಬ್ಬರಿಗೆ ಮುಂಗಡ ಕೊಟ್ಟಿದ್ದೇನೆ. ಆರಿದ್ರೆ ಮಳೆ ಹಿಡಿಯುವುದರೊಳಗೆ ಮುಗಿಸುತ್ತೇನೆ ಎಂದಿದ್ದಾರೆ.